ಪಿಶಾಚಿ ನಿಂತು ಉಣ್ಣುವ ಪುಟ

ಎಫಿ ಅತ್ತೆಯ ಗುರುತು ಮೂವತ್ತೊಂದನೆಯ ಪುಟದಲ್ಲಿ ಇರಲಿಲ್ಲ. ಫರ್ಗಸ್ ಕನ್ನಡಕ ತೆಗೆದು, ಸ್ವೆಟರಿನ ಅಂಚಿನಲ್ಲಿ ಒರೆಸಿ, ಮತ್ತೆ ನೋಡಿದ. ಪುಟಸಂಖ್ಯೆಯ ಕೆಳಗೆ ನೈರಿಯ ಸುರುಳಿ ಇತ್ತು, ಬಸವನಹುಳುವಿನ ಚಿಪ್ಪಿನ ಹಾಗೆ. ಅದರ ಪಕ್ಕ ಕಾಲಿನ್‌ನ ಎರಡು ಅಡ್ಡಗೀಟು, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಅತ್ತೆಯದು ಮಗುಚಿದ ದೋಣಿಯಂಥ ಒಂದು ಪುಟ್ಟ ಕಮಾನು. ಮೂವತ್ತು ವರ್ಷಗಳಿಂದ ಈ ಗ್ರಂಥಾಲಯದ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಅದು ಅದೇ ಪುಟದಲ್ಲಿ ಮಗುಚಿಕೊಂಡು ಬಿದ್ದಿದೆ. ಇದರಲ್ಲಿ ಇಲ್ಲ. ಜೂನ್ ಎಂದರೆ ನಡುಚಳಿಗಾಲವಾದ ಈ ದಕ್ಷಿಣದ ಊರಿನಲ್ಲಿ ಹೊರಗೆ ಹಿಮದ ಪುಡಿ ಹುಲ್ಲಿನ ಮೇಲೆ ಇನ್ನೂ ಕರಗಿರಲಿಲ್ಲ, ಹೀಟರು ಟಿಕ್ ಟಿಕ್ ಎನ್ನುತ್ತ ಬಿಸಿಯಾಗುತ್ತಿತ್ತು, ವಾಪಸು ಪೆಟ್ಟಿಗೆಯಿಂದ ತೆಗೆದ ಪುಸ್ತಕಗಳು ಮೇಜಿನ ಮೇಲೆ ತಣ್ಣಗೆ ಬಿದ್ದಿದ್ದವು, ಮತ್ತು ನಲವತ್ತೊಂದು ವರ್ಷದ ಗಂಡಸೊಬ್ಬ ಒಂದು ಪೆನ್ಸಿಲ್ ಗೀಟಿಗಾಗಿ ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಹಾಗೆ ಉಸಿರು ಹಿಡಿದು ನಿಂತಿದ್ದ.

ಊರಿನ ಹಳೆಯ ಓದುಗರೆಲ್ಲ ಹೀಗೇ. ಓದಿದ ಪುಸ್ತಕವನ್ನು ಮರೆತು ಇನ್ನೊಂದು ಸಲ ಮನೆಗೆ ಹೊತ್ತೊಯ್ಯಬಾರದೆಂದು ಒಬ್ಬೊಬ್ಬರೂ ತಮ್ಮದೊಂದು ಗುರುತು ಹಾಕುತ್ತಾರೆ. ಮುಗಿಸಿದರೆ ಮೂವತ್ತೊಂದನೆಯ ಪುಟದಲ್ಲಿ. ಯಾಕೆ ಮೂವತ್ತೊಂದು ಎಂದು ಯಾರಿಗೂ ಗೊತ್ತಿಲ್ಲ. ಮುಗಿಸದೆ ಬಿಟ್ಟರೆ, ಬಿಟ್ಟ ಪುಟದಲ್ಲಿ. ಈ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಬೇಕೆಂದು ಮೇಲಿನ ಕಚೇರಿಯಿಂದ ವರ್ಷಕ್ಕೊಂದು ಸುತ್ತೋಲೆ ಬರುತ್ತದೆ. ಫರ್ಗಸ್ ಅದನ್ನು ಓದಿ, ಸಹಿ ಹಾಕಿ, ಡ್ರಾಯರಿನಲ್ಲಿಟ್ಟು, ಒಂದೇ ಒಂದು ಗುರುತನ್ನೂ ಅಳಿಸದೆ ಹನ್ನೊಂದು ವರ್ಷ ಕಳೆದಿದ್ದಾನೆ. ಜನ ಬಾಯಿಬಿಟ್ಟು ಹೇಳುವ ಅಭಿಪ್ರಾಯಕ್ಕಿಂತ ಈ ಗೀಟುಗಳ ಮೇಲೆ ಅವನಿಗೆ ನಂಬಿಕೆ. ಅದ್ಭುತ ಪುಸ್ತಕ, ಕಣ್ಣಲ್ಲಿ ನೀರು ಬಂತು ಎಂದು ಕೌಂಟರಿನ ಮುಂದೆ ನಿಂತು ಹೇಳಿದವರ ಗುರುತು ಎಷ್ಟೋ ಸಲ ಹತ್ತೊಂಬತ್ತನೆಯ ಪುಟದಲ್ಲಿ ಸಿಕ್ಕಿಬಿದ್ದದ್ದುಂಟು.

ಅವನು ಪುಟಗಳನ್ನು ಒಂದೊಂದಾಗಿ ಮಗುಚತೊಡಗಿದ. ನಲವತ್ತರಲ್ಲಿ ಇಲ್ಲ. ಎಪ್ಪತ್ತರಲ್ಲಿ ಚಹಾದ ಕಲೆ. ನೂರು ದಾಟಿದಾಗ ಒಂಥರಾ ಖುಷಿಯಾಯಿತು, ಇಷ್ಟು ದೂರ ಬಂದಿದ್ದಾಳೆ. ನೂರಿಪ್ಪತ್ತು, ನೂರ ಮೂವತ್ತೆಂಟು. ನೂರ ನಲವತ್ತಮೂರರ ಕೆಳಗೆ ಆ ಕಮಾನು ಇತ್ತು, ಗುರುತಿಗೆ ಬೇಕಾದುದಕ್ಕಿಂತ ತುಸು ಗಟ್ಟಿಯಾಗಿ. ಫರ್ಗಸ್ ಆ ಪುಟವನ್ನು ಓದಲಿಲ್ಲ. ಓದಬೇಕಾಗಿರಲಿಲ್ಲ. ಅದನ್ನು ಬರೆದವನೇ ಅವನು.

ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ. ‘ಏಳನೆಯ ದರ್ಜೆಯ ಪಿಶಾಚಿ’ ಎಂಬ ಹೆಸರಿನ, ಬೆನ್ನ ಮೇಲೆ ಎಂ. ಆಶ್‌ಫೋರ್ತ್ ಎಂಬ ಸುಳ್ಳುಹೆಸರು ಅಚ್ಚಾದ ಈ ಪುಸ್ತಕವನ್ನು ಅವನು ನಾಲ್ಕು ಚಳಿಗಾಲ ಕೂತು ಬರೆದಿದ್ದ. ನರಕದ ಕಚೇರಿಯಲ್ಲಿ ಬಡ್ತಿಯೇ ಸಿಗದ ಉರ್ಗುಲ್ ಎಂಬ ಪಿಶಾಚಿಯೊಂದನ್ನು ದಕ್ಷಿಣದ ಒಂದು ಕಡಲೂರಿಗೆ ಕಳಿಸುತ್ತಾರೆ. ವರ್ಷದೊಳಗೆ ಊರನ್ನು ಹಾಳುಮಾಡಿ ಬರಬೇಕು. ಅದು ನೆಲ ಸೀಳಿಕೊಂಡು ಮೇಲೆ ಬರುವುದು ಸಮುದಾಯ ಭವನದ ಅಡುಗೆಮನೆಯಲ್ಲಿ, ಶಾಲೆಯ ಸಹಾಯಾರ್ಥ, ಬ್ರೆಡ್ಡಿನೊಳಗೆ ಚೀಸ್ ಸವರಿ, ಆ ಕಡೆಯ ತಿಂಡಿಯಾದ ಚೀಸ್ ರೋಲ್ ನಾನೂರು ಡಜನ್ ಸುತ್ತುತ್ತಿರುವ ಬೆಳಿಗ್ಗೆ. ತಡವಾಗಿ ಬಂದೆಯಲ್ಲ ಎಂದು ಬೈದು ಯಾರೋ ಅದಕ್ಕೆ ಏಪ್ರನ್ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಅದರ ಕೈ ಖಾಲಿಯಾಗುವುದೇ ಇಲ್ಲ. ಬರೆಯುವಾಗ ಫರ್ಗಸ್ ತನ್ನಷ್ಟಕ್ಕೆ ನಕ್ಕು ನಕ್ಕು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಓಡಾಡಿದ್ದುಂಟು. ಆಮೇಲೆ ಪುಸ್ತಕ ಅಚ್ಚಾಗಿ, ಅಂತರ್ಜಾಲದಲ್ಲಿ ಓದುಗರ ಅಭಿಪ್ರಾಯಗಳು ಬರತೊಡಗಿದ ಮೇಲೆ, ನಗು ಯಾಕೋ ಕಡಿಮೆಯಾಯಿತು. ನಲವತ್ತಮೂರು ಅಭಿಪ್ರಾಯಗಳು. ಅಷ್ಟೂ ಅವನಿಗೆ ಬಾಯಿಪಾಠ. ಪರ್ತ್‌ನ ಒಬ್ಬಾತ ಎರಡು ನಕ್ಷತ್ರ ಕೊಟ್ಟು, ನರಕ ಇಷ್ಟೊಂದು ಶಿಸ್ತಾಗಿರುತ್ತದೆಂದು ಗೊತ್ತಿದ್ದರೆ ನಾನು ಹೆದರುತ್ತಲೇ ಇರಲಿಲ್ಲ ಎಂದಿದ್ದ. ಸುವಾ ಎಂಬ ಊರಿನ ಒಬ್ಬಾಕೆ ಪಿಶಾಚಿಯನ್ನು ನಮ್ಮ ಚರ್ಚಿನ ಹೂವಿನ ಸಮಿತಿಗೆ ಕಳಿಸಿಕೊಡಿ ಎಂದು ಬರೆದು ಐದು ಕೊಟ್ಟಿದ್ದಳು. ಒಬ್ಬ ಪುಸ್ತಕ ಓದಿರಲಿಲ್ಲ. ಪಾರ್ಸೆಲ್ ಒದ್ದೆಯಾಗಿ ಬಂತೆಂದು ಒಂದು ನಕ್ಷತ್ರ. ಆ ಒದ್ದೆ ಪಾರ್ಸೆಲ್ಲಿನ ದುಃಖ ಫರ್ಗಸ್‌ನನ್ನು ಒಂದು ವಾರ ಕಾಡಿತ್ತು.

ಆದರೆ ಆ ನಲವತ್ತಮೂರು ಜನ ಅವನನ್ನು ಬೆಳೆಸಿದವರಲ್ಲ, ಬೆಳೆಸಿದವಳು ಅತ್ತೆ. ಉರ್ಗುಲ್‌ನ ಕೊಂಬು, ಬಾಲ, ಗಂಧಕದ ವಾಸನೆ ಬಿಟ್ಟರೆ ಉಳಿದದ್ದೆಲ್ಲ ಎಫಿ ಅತ್ತೆಯದು. ಸಿಟ್ಟು ಬಂದರೆ ಅದು ಯಾರ ಮೇಲೂ ಕೂಗಾಡುವುದಿಲ್ಲ, ಸಿಟ್ಟು ಬರಿಸಿದವರ ಮನೆಗೆ ಹೋಗಿ ಅವರ ಒಲೆ ತಿಕ್ಕಿ ತೊಳೆದು ಬರುತ್ತದೆ, ಆ ಅವಮಾನವನ್ನು ಅವರು ಜನ್ಮದಲ್ಲಿ ಮರೆಯುವುದಿಲ್ಲ. ರೇಡಿಯೋದ ಹವಾಮಾನ ವರದಿಗೆ ಎದುರುತ್ತರ ಕೊಡುತ್ತದೆ. ಬಟ್ಟಲು ಒರೆಸುವ ವಸ್ತ್ರಕ್ಕೆ ಇಸ್ತ್ರಿ ಹಾಕುತ್ತದೆ. ಇವೆಲ್ಲ ಇರಲಿ, ಇವನ್ನು ಓದಿ ಅತ್ತೆ ಸಿಟ್ಟಾದರೆ ಬಂದು ಅವನ ಒಲೆ ತೊಳೆಯುತ್ತಾಳೆ, ಅಷ್ಟೇ. ನೂರ ನಲವತ್ತಮೂರನೆಯ ಪುಟ ಬೇರೆ. ಅದು ಎರಡು ಚಳಿಗಾಲದ ಹಿಂದಿನ ಸಂಜೆ, ಅವನ ಚೀಲದಲ್ಲಿ ಅತ್ತೆಗೆಂದು ನಾಲ್ಕು ಸ್ವೀಡ್ ಗಡ್ಡೆ, ಮೂಲಂಗಿಯ ಬಳಗದವು, ಹಿಮ ಬಿದ್ದು ಸಿಹಿಯೇರಿದವು. ಅತ್ತೆಯ ಮನೆಯ ಹಿಂಬಾಗಿಲಿಗೆ ಸುತ್ತಿಕೊಂಡು ಹೋಗುವಾಗ ಅಡುಗೆಮನೆಯ ಕಿಟಕಿಯಲ್ಲಿ ದೀಪವಿತ್ತು. ಅವಳು ಸಿಂಕಿನ ಮುಂದೆ ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದಳು. ತಟ್ಟೆಯಿಲ್ಲ. ಹಿಂದೆ ಮೇಜು, ಆರು ಕುರ್ಚಿ. ಅವಳು ಅಗಿಯುತ್ತಿದ್ದ ರೀತಿ, ಅವಸರವಿಲ್ಲದ, ಯಾರೂ ನೋಡುತ್ತಿಲ್ಲವೆಂಬ ರೀತಿ. ಫರ್ಗಸ್‌ಗೆ ಕನಿಕರವಾಯಿತು. ಅವನು ತಿರುಗಿ, ಗಡ್ಡೆ ಚೀಲದ ಸಮೇತ, ಹೆಜ್ಜೆ ಸಪ್ಪಳವಾಗದ ಹಾಗೆ ಮನೆಗೆ ಹೋಗಿ, ಕೋಟು ಕೂಡ ಬಿಚ್ಚದೆ ಅದನ್ನು ಬರೆದಿದ್ದ. ಬರೆದು ಮುಗಿಸಿದಾಗ ಆದದ್ದು ದುಃಖವಲ್ಲ. ಅದನ್ನು ಅವನು ಯಾರಿಗೂ ಹೇಳಲಾರ. ಆದದ್ದು ಸಂತೋಷ. ಇಡೀ ಪುಸ್ತಕದಲ್ಲಿ ಇದೊಂದು ಪುಟ ನಿಜವಾಗಿ ಬಂತೆಂಬ, ಕದ್ದ ಹಣ್ಣು ಕಚ್ಚಿದಂಥ ಸಂತೋಷ.

ಅಲ್ಲಿಗೆ ಬಂದು ಅತ್ತೆ ಪುಸ್ತಕ ಮುಚ್ಚಿದ್ದಾಳೆ. ಮಧ್ಯಾಹ್ನ ಎರಡಕ್ಕೆ ಓದುಗರ ಕೂಟವಿದೆ. ಈ ತಿಂಗಳ ಪುಸ್ತಕ ಇದೇ. ಬೆರಿಲ್ ಟೀಚರ್ ಪಟ್ಟಿಯಿಂದ ಆರಿಸಿದ್ದು, ನಗೆಪುಸ್ತಕವಾದರೆ ಚಳಿಗಾಲಕ್ಕೆ ಒಳ್ಳೆಯದೆಂದು. ಬೇಡ ಎನ್ನಲು ಫರ್ಗಸ್‌ಗೆ ಯಾವ ಕಾರಣವೂ ಸಿಕ್ಕಿರಲಿಲ್ಲ. ಅತ್ತೆ ಕೂಟಕ್ಕೆ ಬಾರದೆ ಇರಬಹುದು ಎಂದು ಅವನು ಒಂದು ಕ್ಷಣ ಆಸೆಪಟ್ಟ, ಮರುಕ್ಷಣ ಬಾರದಿದ್ದರೇನು ಗತಿ ಎಂದು ಹೆದರಿದ. ಹೀಗೆ ಆಸೆಗೂ ಹೆದರಿಕೆಗೂ ನಡುವೆ ಮಕ್ಕಳ ಪುಸ್ತಕದ ಕಪಾಟನ್ನು ಎರಡು ಸಲ ಜೋಡಿಸಿದ. ಎರಡು ಸಲವೂ ತಪ್ಪಾಗಿ.

ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಅತ್ತೆ ಬಂದಳು. ಎಪ್ಪತ್ತನಾಲ್ಕರ ನೆಟ್ಟಗಿನ ಬೆನ್ನು, ಕೈಯಲ್ಲಿ ವಸ್ತ್ರ ಮುಚ್ಚಿದ ತಟ್ಟೆ. ಚೀಸ್ ರೋಲ್. ಬಾಗಿಲಲ್ಲಿ ನಿಂತು ಹೀಟರನ್ನು ನೋಡಿ ಮೂಸಿದಳು, ಧೂಳು ಸುಡುತ್ತಿದೆ ಅಂದಳು, ಒಳಗಿನ ಪುಟ್ಟ ಅಡುಗೆ ಕೋಣೆಗೆ ಹೋಗಿ ರೋಲುಗಳನ್ನು ಬಿಸಿಮಾಡತೊಡಗಿದಳು. ಪುಸ್ತಕದ ಸುದ್ದಿ ಇಲ್ಲ. ಫರ್ಗಸ್ ಕುರ್ಚಿ ಹಾಕುತ್ತ ಅವಳ ಬೆನ್ನನ್ನೇ ನೋಡಿದ. ಅಷ್ಟರಲ್ಲಿ ಶಾಲಾ ಬಸ್ಸು ಓಡಿಸುವ ನೈರಿ ಗಾಳಿಯನ್ನೂ ಜೊತೆಗೆ ಕರೆದುಕೊಂಡು ಬಂದಳು. ಹಿಂದೆಯೇ ಕಾಲಿನ್, ಮೂವತ್ತು ವರ್ಷ ಮಾಂಸದ ಕಾರ್ಖಾನೆಯಲ್ಲಿ ದುಡಿದು ಈಗ ಓದುವುದೇ ಕೆಲಸ ಮಾಡಿಕೊಂಡವನು. ಕೊನೆಗೆ ಬೆರಿಲ್ ಟೀಚರ್, ಈ ಕೋಣೆಯಲ್ಲಿರುವ ಮೂವರಿಗೆ ಅಕ್ಷರ ಕಲಿಸಿದವರು, ಇವತ್ತಿಗೂ ಕೆಂಪು ಪೆನ್ನಿಲ್ಲದೆ ಓದಲಾರದವರು.

ಕೂಟ ಶುರುವಾದ ಐದು ನಿಮಿಷಕ್ಕೆ ಫರ್ಗಸ್‌ಗೆ ಗೊತ್ತಾದದ್ದು, ಅಭಿಪ್ರಾಯವೆಂಬುದನ್ನು ಪರದೆಯ ಮೇಲೆ ಓದುವುದು ಒಂದು, ಎದುರು ಕೂತವರ ಬಾಯಿಂದ ತುಣುಕು ತುಣುಕಾಗಿ ಉದುರುವಾಗ ಕೇಳುವುದು ಇನ್ನೊಂದು. ಕಾಲಿನ್‌ಗೆ ಕೊಂಬಿನದೇ ಚಿಂತೆ. ಅರವತ್ತನೆಯ ಪುಟದಲ್ಲಿ ಬಾಗಿಲಿಗೆ ತಾಗಿ ಎಡಗೊಂಬು ಮುರಿಯುತ್ತದೆ, ನೂರ ಹನ್ನೆರಡರಲ್ಲಿ ಎರಡೂ ಕೊಂಬಿಗೆ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತದೆ, ಇದು ಹೇಗೆ ಎಂದು ಅವನು ಫರ್ಗಸ್‌ನ ಕೈಯಲ್ಲಿದ್ದ ಪುಸ್ತಕದ ಪುಟಗಳಿಗೆ ಬೆರಳಿಟ್ಟು ತೋರಿಸಿದ. ತಾನು ಲೆಕ್ಕವಿಲ್ಲದಷ್ಟು ಕೊಂಬು ಕಂಡವನು, ಮುರಿದ ಕೊಂಬು ಮತ್ತೆ ಬೆಳೆಯುವುದಿಲ್ಲ. ಫರ್ಗಸ್‌ನ ಕಿವಿ ಬಿಸಿಯಾಯಿತು. ನಾಲ್ಕು ಚಳಿಗಾಲ, ಏಳು ಸಲ ತಿದ್ದಿದ್ದ, ಪ್ರಕಾಶಕರ ಕಡೆಯವರು ಬೇರೆ ತಿದ್ದಿದ್ದರು, ಕೊಂಬಿನ ಕಡೆ ಒಬ್ಬರ ಕಣ್ಣೂ ಹೋಗಿರಲಿಲ್ಲ. ಪಿಶಾಚಿಯ ಕೊಂಬು ಬೆಳೆಯಬಹುದೇನೋ ಎಂದು ಅವನು ಮೆಲ್ಲಗೆ ಅಂದ. ಕಾಲಿನ್ ಅವನನ್ನು ಕನಿಕರದಿಂದ ನೋಡಿದ.

ಬೆರಿಲ್ ಟೀಚರ್ ತಾವು ಚೀಟಿಯಲ್ಲಿ ಗುರುತುಮಾಡಿದ ಹದಿನೇಳು ತಪ್ಪುಗಳನ್ನು ಓದಿದರು. ಆದರೂ ನಗು ಬಂತು, ಅದು ಬೇರೆ ವಿಷಯ, ಅಂದರು. ನೈರಿಗೆ ಯಾವ ತಪ್ಪೂ ಕಂಡಿರಲಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ಖಾಲಿ ಬಸ್ಸನ್ನು ಕಡಲತೀರದಲ್ಲಿ ನಿಲ್ಲಿಸಿಕೊಂಡು ಅವಳು ಓದುತ್ತಿದ್ದಳಂತೆ. ಪಿಶಾಚಿ ಪಾದ್ರಿಯನ್ನು ಹೆದರಿಸಲು ಹೋಗಿ ಅವರ ಗಟಾರ ಶುಚಿಮಾಡಿ ಬರುವ ಕಡೆ ನಕ್ಕ ರಭಸಕ್ಕೆ ಹಣೆ ಹಾರನ್ನಿಗೆ ಬಡಿದು, ಮರಳ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಎದ್ದು ಹೋದವಂತೆ. ಇದನ್ನು ಹೇಳುತ್ತಲೇ ಅವಳಿಗೆ ಮತ್ತೆ ನಗು ಬಂತು, ಅವಳ ನಗು ನೋಡಿ ಕಾಲಿನ್‌ಗೆ ಬಂತು, ಕೊಂಬನ್ನು ಮರೆತು ಅವನು ತೊಡೆ ತಟ್ಟಿಕೊಂಡ. ಫರ್ಗಸ್ ತಾನೂ ನಗಬೇಕೋ ಬೇಡವೋ ತಿಳಿಯದೆ, ಬಾಯನ್ನು ಹೇಗಿಡಬೇಕೋ ತಿಳಿಯದೆ, ನೆಲದ ಮೇಲಿನ ಜಮಖಾನದ ಅಂಚನ್ನು ನೋಡಿದ. ಪಾದ್ರಿಯ ಗಟಾರದ ಭಾಗವನ್ನು ಬರೆದ ದಿನ ಅವನಿಗೆ ಜ್ವರವಿತ್ತು, ಅದನ್ನು ತೆಗೆದುಹಾಕಬೇಕೆಂದು ಮೂರು ಸಲ ಯೋಚಿಸಿದ್ದ. ತೆಗೆದಿದ್ದರೆ ಆ ಹಕ್ಕಿಗಳು ಏಳುತ್ತಿರಲಿಲ್ಲ.

ಆಮೇಲೆ ಚೀಸ್ ರೋಲಿನ ವಿಷಯ ಬಂತು, ಕೋಣೆಯ ಗಾಳಿಯೇ ಬದಲಾಯಿತು. ಎಂಬತ್ತೆಂಟನೆಯ ಪುಟದಲ್ಲಿ ಬ್ರೆಡ್ಡನ್ನು ಮೊದಲು ಸುಟ್ಟು ಆಮೇಲೆ ಸುತ್ತುತ್ತಾರೆ. ಫರ್ಗಸ್ ಅದನ್ನು ಬೇಕೆಂದೇ ತಪ್ಪಾಗಿ ಬರೆದಿದ್ದ, ಬರೆದವನು ಈ ಕಡೆಯವನೆಂದು ಯಾರಿಗೂ ಅನುಮಾನ ಬಾರದಿರಲಿ ಎಂದು. ಅದು ಬಹಳ ಜಾಣತನವೆಂದು ಆಗ ಅನ್ನಿಸಿತ್ತು.

“ಸುಟ್ಟ ಬ್ರೆಡ್ಡನ್ನ ಸುತ್ತೋಕೆ ಹೋದ್ರೆ ಮುರಿದು ಚೂರಾಗಲ್ವಾ?” ನೈರಿ ಕೇಳಿದಳು. “ಹಸಿ ಇರುವಾಗ ಸುತ್ತಿ ಆಮೇಲೆ ಸುಡಬೇಕು ಅಂತ ನಮ್ಮ ಬಸ್ಸಿನ ಆರು ವರ್ಷದ ಮಕ್ಕಳಿಗೂ ಗೊತ್ತು.”

“ಆಕ್ಲೆಂಡ್‌ನವನು,” ಕಾಲಿನ್ ತೀರ್ಪು ಕೊಟ್ಟ. “ಆಕ್ಲೆಂಡ್‌ನವನೇ. ನಾನು ಬರೆದುಕೊಡ್ತೀನಿ ಬೇಕಾದ್ರೆ.”

“ಅದಕ್ಕಿಂತಲೂ ದೂರದವನು ಇರಬೇಕು,” ಬೆರಿಲ್ ಟೀಚರ್ ಅಂದರು. “ಪುಸ್ತಕದಲ್ಲಿ ನೋಡಿಕೊಂಡು ಬರೆದಿದಾನೆ, ಪಾಪ. ಒಂದು ಸಲ ಇಲ್ಲಿಗೆ ಬಂದು ತಿಂದಿದ್ರೆ ಹೀಗೆ ಬರೀತಿರಲಿಲ್ಲ.”

ಫರ್ಗಸ್ ತಟ್ಟೆಯಿಂದ ಇನ್ನೊಂದು ರೋಲ್ ತೆಗೆದುಕೊಂಡ. ತಾನು ಹುಟ್ಟಿ ಬೆಳೆದ, ತನಗೆ ಅಕ್ಷರ ಕಲಿಸಿದ ಟೀಚರ್ ಎದುರಿಗೇ ಕೂತಿರುವ ಊರಿನಲ್ಲಿ ಅವನು ಪರಸ್ಥಳದವನಾಗಿಹೋಗಿದ್ದ, ತನ್ನ ಕೈಯಾರೆ. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಕೊಂಬು, ಹದಿನೇಳು ತಪ್ಪು, ರೋಲು ಎಲ್ಲವೂ ಜೀವನಪೂರ್ತಿ ಅವನ ಹೆಸರಿಗೆ ಅಂಟಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಾಗಿ, ಅತ್ತೆ. ಅವಳು ಇಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ತಟ್ಟೆ ಹಿಡಿದು ಸುತ್ತ ಬಂದಿದ್ದಳು, ಖಾಲಿಯಾದ ಬಟ್ಟಲುಗಳನ್ನು ಎತ್ತಿದ್ದಳು, ಈಗ ಕುರ್ಚಿಯಲ್ಲಿ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಮೌನದ ಬಗೆಗಳೆಲ್ಲ ಅವನಿಗೆ ಗೊತ್ತಿದ್ದವು. ಒಂಬತ್ತು ವರ್ಷದವನಿದ್ದಾಗ ಅವಳ ಗಾಜಿನ ಹೂಜಿ ಒಡೆದು ಬೆಕ್ಕಿನ ಮೇಲೆ ಹೇಳಿದಾಗ ಅವಳು ಹೀಗೇ ಕೂತಿದ್ದಳು, ಕೈ ಮಡಿಲಲ್ಲಿ, ಅವನೇ ಬಾಯಿಬಿಡುವ ತನಕ. ಎರಡು ದಿನ ಹಿಡಿದಿತ್ತು. ಮೂರನೆಯ ದಿನ ಬೆಳಿಗ್ಗೆ ಅವನು ಬೆಕ್ಕಿಗೂ ಸೇರಿಸಿ ಕ್ಷಮೆ ಕೇಳಿದ್ದ.

“ಎಫಿ, ನೀನೇನೂ ಹೇಳ್ಲಿಲ್ಲ,” ಬೆರಿಲ್ ಟೀಚರ್ ಅಂದರು.

“ನಾನು ಪೂರ್ತಿ ಓದಿಲ್ಲ.”

ಎಲ್ಲರೂ ಅವಳತ್ತ ತಿರುಗಿದರು. ಎಫಿ ಪುಸ್ತಕ ಅರ್ಧಕ್ಕೆ ಬಿಡುವುದೆಂದರೆ ಸಣ್ಣ ಸಂಗತಿಯಲ್ಲ. ಹಡಗುಗಳ ಇಂಜಿನ್ ದುರಸ್ತಿಯ ಕೈಪಿಡಿಯನ್ನೂ ಅವಳು ಮುಗಿಸಿ ಗುರುತು ಹಾಕಿದ್ದಳು.

“ಫರ್ಗಸ್,” ಅತ್ತೆ ಅಂದಳು. “ನೂರ ನಲವತ್ಮೂರು ಓದು. ಗಟ್ಟಿಯಾಗಿ. ಕಾಲಿನ್‌ಗೆ ಎಡಗಿವಿ ಕೇಳಿಸಲ್ಲ.”

ಪುಸ್ತಕ ಅವನ ಕೈಯಲ್ಲೇ ಇತ್ತು, ಬೆಳಿಗ್ಗೆಯಿಂದ ಇತ್ತು. ಅವನು ನಿಂತು ಓದಬೇಕೋ ಕೂತು ಓದಬೇಕೋ ಎಂದು ಅರೆಕ್ಷಣ ತಡೆದು, ಅರ್ಧ ಎದ್ದು, ಮತ್ತೆ ಕೂತು, ಓದಿದ. ತನ್ನದೇ ವಾಕ್ಯಗಳು ಯಾರೋ ಬೇರೆಯವರ ದನಿಯಲ್ಲಿ ಕೇಳಿಸಿದವು. “ಸಂಜೆ ಐದಕ್ಕೆ ಉರ್ಗುಲ್ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿತು. ಒಂದು ತಟ್ಟೆ ತೆಗೆದುಕೊಂಡಿತು, ತೊಳೆಯಬೇಕಾಗುತ್ತದೆಂದು ಮತ್ತೆ ಒಳಗಿಟ್ಟಿತು. ಬ್ರೆಡ್ಡನ್ನು ಕೈಯಲ್ಲೇ ಹಿಡಿದು, ಸಿಂಕಿನ ಮೇಲೆ ಬಾಗಿ, ನಿಂತುಕೊಂಡೇ ತಿಂದಿತು. ನರಕದಲ್ಲಿ ಊಟದ ಹೊತ್ತಿಗೆ ಕಿರುಚಾಟವಾದರೂ ಇರುತ್ತಿತ್ತು. ಇಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ತನಗೆ ಒಪ್ಪಿಸಿದ ಕೆಲಸವನ್ನು ಯಾರೋ ತನ್ನ ಮೇಲೆಯೇ ಮಾಡಿ ಮುಗಿಸಿದ್ದಾರೆ ಎಂದು ಅದಕ್ಕೆ ಆಗ ಅನ್ನಿಸಿತು.” ಅವನು ನಿಲ್ಲಿಸಿದ. ಕಾಲಿನ್ ಕಿಟಕಿಯ ಕಡೆ ನೋಡಿದ. ನೈರಿ, ಇದು ಮಾತ್ರ ಬಹಳ ಚೆನ್ನಾಗಿದೆ, ನನಗೆ ಇಲ್ಲಿ ಅಳು ಬಂತು, ಅಂದಳು.

“ಕಿಟಕಿ ಎಲ್ಲಿ?” ಅತ್ತೆ ಕೇಳಿದಳು.

ಯಾರಿಗೂ ಅರ್ಥವಾಗಲಿಲ್ಲ.

“ಸಿಂಕ್ ಮುಂದೆ ಕಿಟಕಿ ಇರುತ್ತಲ್ಲ. ಈ ಊರಲ್ಲಿ ಕಿಟಕಿ ಇಲ್ಲದ ಸಿಂಕ್ ಯಾರ ಮನೇಲಿದೆ ಹೇಳಿ. ಅದು ಅಲ್ಲಿ ನಿಂತ್ಕೊಂಡು ಏನು ನೋಡ್ತಿತ್ತು? ಒಂದು ಮಾತಿಲ್ಲ. ಈ ಬರೆಯೋನು ಅದನ್ನ ನೋಡಿದಾನೆ, ಅದು ನೋಡ್ತಿರೋದನ್ನ ನೋಡೇ ಇಲ್ಲ. ಹೊರಗಿಂದ ನೋಡಿ, ಅಯ್ಯೋ ಪಾಪ ಅಂದ್ಕೊಂಡು, ಮನೆಗೆ ಹೋಗಿ ಬರೆದುಬಿಟ್ಟಿದಾನೆ.” ಅವಳು ಮಡಿಲ ಮೇಲಿನ ಬ್ರೆಡ್ಡಿನ ಪುಡಿಯನ್ನು ಕೈಯಿಂದ ಕೊಡವಿದಳು. “ನನಗೆ ಸಿಟ್ಟು ಬಂತು. ಪುಸ್ತಕ ಮುಚ್ಚಿ ಎದ್ದುಹೋಗಿ ನನ್ನ ಸಿಂಕ್ ಮುಂದೆ ನಿಂತೆ, ಇವನು ಹೇಳೋದು ನಿಜಾನಾ ಅಂತ. ನೋಡ್ತಾ ನೋಡ್ತಾ ಪುಸ್ತಕ ಮರೆತೇಹೋಯ್ತು. ಅಷ್ಟೇ. ಉಳಿದಿದ್ದು ಚೆನ್ನಾಗಿದೆ. ಗಟಾರದ್ದು ಚೆನ್ನಾಗಿದೆ.”

ಬೆರಿಲ್ ಟೀಚರ್ ತಮ್ಮ ಕೆಂಪು ಪೆನ್ನು ತೆಗೆದು, ಹದಿನೆಂಟು ಎಂದು ಬರೆದುಕೊಂಡರು. ಕಾಲಿನ್ ಇದನ್ನು ಆಕ್ಲೆಂಡ್‌ನವರ ವಿರುದ್ಧ ಮತ್ತೊಂದು ಸಾಕ್ಷಿಯಾಗಿ ತೆಗೆದುಕೊಂಡ. ಮಾತು ಎಲ್ಲಿಗೋ ಹೋಯಿತು, ಮುಂದಿನ ತಿಂಗಳ ಪುಸ್ತಕ, ನೈರಿಯ ಬಸ್ಸಿನ ಹೊಸ ಬ್ರೇಕು. ಫರ್ಗಸ್‌ಗೆ ಏನೂ ಕೇಳಿಸುತ್ತಿರಲಿಲ್ಲ. ಅತ್ತೆಗೆ ಗೊತ್ತಿದೆಯೇ, ಗೊತ್ತಿಲ್ಲವೇ. ಗೊತ್ತಿದ್ದರೆ ಇಷ್ಟು ಜನರ ಮುಂದೆ ಅವನ ಬಾಯಿಂದಲೇ ಅದನ್ನು ಓದಿಸಿದಳೇ. ಅವಳು ಹಾಗೆ ಮಾಡುವವಳೇ. ಹೌದು, ಮಾಡುವವಳೇ. ಆದರೆ ಇದರ ನಡುವೆ, ನಾಚಿಕೆಯ ನಡುವೆಯೇ, ಅವನೊಳಗಿನ ಬರಹಗಾರನೆಂಬ ದುರಾಸೆಯ ಪ್ರಾಣಿ ಕಿವಿ ನೆಟ್ಟಗೆ ಮಾಡಿಕೊಂಡು ಎದ್ದು ಕೂತಿತ್ತು. ಕಿಟಕಿ. ಹೌದಲ್ಲ, ಕಿಟಕಿ ಎಲ್ಲಿ. ನಲವತ್ತಮೂರು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಇದಕ್ಕಿಂತ ಒಳ್ಳೆಯ ಓದುಗಾರ್ತಿ ಅವನಿಗೆ ಈ ಭೂಮಿಯ ಮೇಲೆ ಸಿಗಲಾರಳು ಎಂಬ ಸಂತೋಷ ಎಷ್ಟು ಜೋರಾಗಿ ಬಂತೆಂದರೆ, ಅವನು ಆಗಷ್ಟೇ ಬಗ್ಗಿಸಿಕೊಂಡ ಚಹಾವನ್ನು ಅಷ್ಟನ್ನೂ ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡ.

ಎಲ್ಲರೂ ಹೊರಟ ಮೇಲೆ ಅತ್ತೆ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಉಳಿದ ರೋಲುಗಳಿದ್ದವು, ನಾಲ್ಕೈದು. ಹಿಡ್ಕೊ, ನನಗೆ ಮಂಡಿ ನೋವು, ಮನೆತನಕ ಬಾ, ಅಂದಳು. ಗುರುವಾರ ನಾಲ್ಕಕ್ಕೇ ಮುಚ್ಚುವುದರಿಂದ ಅವನು ದೀಪ ಆರಿಸಿ ಬೀಗ ಹಾಕಿದ. ದಾರಿಯಲ್ಲಿ ಅವಳು ಯಾರ ಬೇಲಿಗೆ ಬಣ್ಣ ಬೇಕಾಗಿದೆ, ಯಾರು ಈ ಚಳಿಯಲ್ಲೂ ಬಟ್ಟೆ ಹೊರಗೆ ಒಣಹಾಕಿದ್ದಾರೆ ಎಂಬುದನ್ನೆಲ್ಲ ಒಂದೊಂದಾಗಿ ಹೇಳುತ್ತ ನಡೆದಳು. ಮಂಡಿ ನೋವಿರುವವಳ ನಡಿಗೆಯಾಗಿರಲಿಲ್ಲ ಅದು. ಫರ್ಗಸ್ ತಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಹೋದ. ಹಿಂಬಾಗಿಲಿಗೆ ಹೋಗುವ ದಾರಿಯಲ್ಲಿ, ಕಿಟಕಿಯ ಕೆಳಗೆ, ಅವನ ಕಾಲು ತಾನಾಗಿ ತಡೆಯಿತು. ಅತ್ತೆ ತಿರುಗಿ ನೋಡಲಿಲ್ಲ.

“ಆವತ್ತೂ ಅಲ್ಲೇ ನಿಂತಿದ್ದೆ,” ಅಂದಳು, ಬಾಗಿಲು ತೆರೆಯುತ್ತ. “ಕೈಯಲ್ಲಿ ಚೀಲ ಇತ್ತು. ಏನಿತ್ತು ಅದರಲ್ಲಿ?”

“ಸ್ವೀಡ್ ಗಡ್ಡೆ.” ಅವನು ಹೊಸಿಲಿಗೆ ಬಂದು ನಿಂತ. “ಅತ್ತೆ, ನಾನು ಬರೆದಿದ್ದು ತಪ್ಪು. ಕೇಳಬೇಕಾಗಿತ್ತು.”

“ಬರೆದಿದ್ದಕ್ಕೆ ಯಾರು ಏನಂದ್ರು? ಒಲೆ ತಿಕ್ಕೋದು, ರೇಡಿಯೋ ಜೊತೆ ಜಗಳ, ಎಲ್ಲ ಓದಿ ನಾನು ನಕ್ಕಿದೀನಿ. ಮೂರನೇ ಪುಟದಲ್ಲೇ ಗೊತ್ತಾಯ್ತು ಯಾರ ಕೈಕೆಲಸ ಅಂತ. ಬಾಗಿಲು ತಟ್ಟದೆ ಹೋದೆಯಲ್ಲ, ಅದನ್ನ ಹೇಳು. ಯಾಕೆ ತಟ್ಲಿಲ್ಲ?”

“ನೀನು ಒಬ್ಬಳೇ ಇದ್ದೆ.”

“ಒಬ್ಬಳೇ ಇದ್ರೆ ತಾನೇ ತಟ್ಟಬೇಕಾಗಿರೋದು?”

ಉತ್ತರಕ್ಕೆ ಕಾಯದೆ ಅವಳು ಕೋಟು ಬಿಚ್ಚಿ, ಕೈ ತೊಳೆದು, ರೋಲುಗಳನ್ನು ಒಂದು ನಿಮಿಷ ಬಿಸಿಮಾಡಿ, ಬೆಣ್ಣೆ ಸವರಿ, ಒಂದನ್ನು ಅವನ ಕೈಗಿಟ್ಟಳು. ಅವನು ಅಭ್ಯಾಸಬಲದಿಂದ ಮೇಜಿನ ಕಡೆ ತಿರುಗಿದ. “ಅಲ್ಲಲ್ಲ. ಇಲ್ಲಿ ಬಾ. ಸಿಂಕ್ ಹತ್ರ. ಸ್ವಲ್ಪ ಬಲಕ್ಕೆ ಸರಿ, ಅದು ನನ್ನ ಜಾಗ.” ಅವನು ಸರಿದು ನಿಂತ. ಈ ಅಡುಗೆಮನೆಯಲ್ಲಿ ಅವನು ಬೆಳೆದದ್ದು, ಸಾವಿರಾರು ಸಲ ಉಂಡದ್ದು, ಆದರೆ ಯಾವಾಗಲೂ ಮೇಜಿನ ಆ ಕಡೆ, ಕಿಟಕಿಗೆ ಬೆನ್ನು ಹಾಕಿ. ಈಗ ಎದುರಿಗೆ ಬೇಲಿಯಾಚೆ ಭೂಮಿ ಇಳಿದುಹೋಗಿ, ಅಪರಿಮಾ ನದಿ ಕಡಲಿಗೆ ಸೇರುವ ಮೊದಲು ಹರಡಿಕೊಳ್ಳುವ ಅಷ್ಟೂ ನೀರು ಕಾಣುತ್ತಿತ್ತು. ಉಬ್ಬರ ಏರುತ್ತಿತ್ತು. ಕೆಸರಿನ ಬಯಲು ಸೂರ್ಯನ ಕೊನೆಯ ಬೆಳಕಿಗೆ ಮೊದಲು ತಾಮ್ರವಾಗಿ, ಆಮೇಲೆ ಹೆಸರಿಲ್ಲದ ಒಂದು ಬಣ್ಣವಾಗಿ, ನೋಡನೋಡುತ್ತಲೇ ನೀರಿನ ಕೆಳಗೆ ಹೋಗುತ್ತಿತ್ತು. ಹಳೆ ದೋಣಿಕಟ್ಟೆಯ ಏಳು ಕಂಬಗಳು ಮಾತ್ರ ಉಳಿದಿದ್ದವು.

“ತಾಳು,” ಅತ್ತೆ ಅಂದಳು. “ಈಗ ಬರ್ತಾರೆ.”

ಬಂದವು. ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳು, ಒಂದರ ಹಿಂದೊಂದು, ಕೆಳಗೆ ಹಾರುತ್ತ. ಒಂದೊಂದು ಕಂಬಕ್ಕೆ ಒಂದೊಂದು ಕೂತಿತು. ಹಕ್ಕಿಗಳು ಎಂಟಿದ್ದವು. ಎಂಟನೆಯದು ಪ್ರತಿಯೊಂದು ಕಂಬಕ್ಕೂ ಹೋಗಿ, ಅಲ್ಲಿ ಕೂತವರನ್ನು ವಿಚಾರಿಸಿ, ಬೈಸಿಕೊಂಡು, ಮುಂದಿನ ಕಂಬಕ್ಕೆ ಹೋಗುತ್ತಿತ್ತು, ಆ ಅಗಲ ಕೊಕ್ಕನ್ನು ಅರ್ಜಿ ಹಿಡಿದವನಂತೆ ಮುಂದೆ ಚಾಚಿಕೊಂಡು. ಅತ್ತೆ ನಕ್ಕಳು. ಗಟ್ಟಿಯಾಗಿ ಅಲ್ಲ, ಹೊಟ್ಟೆಯೊಳಗಿಂದ, ಭುಜ ಕುಣಿಯುವ ಹಾಗೆ, ಬಾಯ ತುಂಬ ಬ್ರೆಡ್ಡಿರುವಾಗಲೇ. ಗಾಜಿನ ಆಚೆ ನಿಂತವನಿಗೆ ಭುಜ ಕುಣಿದದ್ದು ಕಂಡರೂ ಅದು ನಗುವೆಂದು ತಿಳಿಯುವುದು ಸಾಧ್ಯವಿರಲಿಲ್ಲ. ದಿನಾ ಹೀಗೇ, ಅವಳು ಅಂದಳು, ಮೂರು ವರ್ಷದಿಂದ ನೋಡ್ತಿದೀನಿ, ಒಂದು ದಿನಾನೂ ಅದಕ್ಕೆ ಕಂಬ ಸಿಕ್ಕಿಲ್ಲ, ಒಂದು ದಿನಾನೂ ಬಿಟ್ಟಿಲ್ಲ. ಕೂತ್ಕೊಂಡ್ರೆ ಕಾಣಲ್ಲ, ಬೇಲಿ ಅಡ್ಡ ಬರುತ್ತೆ. ಫರ್ಗಸ್‌ಗೂ ನಗು ಬಂತು. ಬೆಣ್ಣೆ ಮಣಿಕಟ್ಟಿನ ಕಡೆ ಇಳಿಯಿತು, ಅವನು ಅದನ್ನು ನೆಕ್ಕಿದ, ಅತ್ತೆ ನೋಡಿದರೂ ನೋಡದವಳಂತೆ ಇದ್ದಳು. ಎರಡು ವರ್ಷದಿಂದ ಎದೆಯಲ್ಲಿ ಹೊತ್ತು ತಿರುಗಿದ್ದ ಆ ಸಂಜೆಯ ಕನಿಕರವೆಲ್ಲ ಈಗ ಎಲ್ಲಿಡಬೇಕೆಂದು ತಿಳಿಯದ ದೊಡ್ಡ ಸಾಮಾನಿನ ಹಾಗೆ ಅವನ ಕೈಯಲ್ಲಿ ಉಳಿದಿತ್ತು, ಮತ್ತು ಅದನ್ನು ಕೆಳಗಿಟ್ಟರೆ ಯಾರಿಗೂ ಏನೂ ನಷ್ಟವಿಲ್ಲವೆಂಬುದು ಅವನಿಗೆ ಮೆಲ್ಲಗೆ ಹೊಳೆಯುತ್ತಿತ್ತು.

“ಈಗ ಹೇಳು,” ಅತ್ತೆ ಇನ್ನೊಂದು ರೋಲ್ ತೆಗೆದುಕೊಂಡಳು. “ಆಮೇಲೇನಾಯ್ತು? ಸಣ್ಣ ಅಕ್ಷರ, ಓದೋಕೆ ಕಣ್ಣು ನೋಯುತ್ತೆ. ವರ್ಷ ಮುಗಿದ ಮೇಲೆ ಅದು ವಾಪಸ್ ಹೋಗುತ್ತಾ?”

“ಕರೆದುಕೊಂಡು ಹೋಗೋಕೆ ಮೇಲಧಿಕಾರಿ ಬರ್ತಾನೆ,” ಫರ್ಗಸ್ ಅಂದ. “ಮೂರನೇ ದರ್ಜೆಯವನು. ರೈಲ್ವೆ ಗೇಟಿನ ಹತ್ರ ನೆಲ ಸೀಳಿಕೊಂಡು ಮೇಲೆ ಬಂದು, ಇದರ ಮನೆ ಬಾಗಿಲಿಗೆ ಬಂದು—”

“ತಟ್ತಾನೆ ತಾನೆ?”

“ತಟ್ತಾನೆ,” ಅವನು ಅಂದ. ಪುಸ್ತಕದಲ್ಲಿ ಬಾಗಿಲನ್ನು ಒದ್ದು ಮುರಿಯುತ್ತಾನೆಂದು ಇತ್ತು. “ತಟ್ಟಿ, ಒಳಗೆ ಬಂದು, ಕಾಲು ಒರೆಸಿಕೊಳ್ಳದೆ—”

“ನಿಧಾನ. ನಾನು ಅಗಿಯೋ ಶಬ್ದಕ್ಕೆ ನೀನು ಹೇಳೋದು ಕೇಳಿಸ್ತಿಲ್ಲ.”

ಫರ್ಗಸ್ ತನ್ನ ಬಾಯಲ್ಲಿದ್ದುದನ್ನು ನುಂಗಿ, ಅವಳು ನುಂಗುವ ತನಕ ಕಾದು, ಆ ವಾಕ್ಯವನ್ನು ಮೊದಲಿನಿಂದ ಶುರುಮಾಡಿದ.